ಕುರುಬನೂ ಮಂದೆಯೂ

ನಾಗಮಂಗಲದಿಂದ ಕೃಷ್ಣರಾಜಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ, ಸುಗ್ಗಿ ಮುಗಿದು ರಾಗಿಯ ಹೊಲಗಳು ಬರಿದಾದ ಮೇಲೆ, ಕುರಿಮಂದೆಗಳು ಕಣ್ಣಿಗೆ ಬೀಳುತ್ತವೆ. ಹೊಲದವನು ಕುರುಬನನ್ನು ಕರೆದು ಒಂದೆರಡು ರಾತ್ರಿ ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾನೆ. ಗೊಬ್ಬರ ಹೊಲಕ್ಕೆ; ಕಾಳೋ ಕಾಸೋ ಕುರುಬನಿಗೆ. ರಾತ್ರಿಯೆಲ್ಲ ಅವನು ಕಂಬಳಿ ಹೊದ್ದು ರೊಪ್ಪದ ಬಳಿಯೇ ಮಲಗಿರುತ್ತಾನೆ. ಬೆಳಗಾದರೆ ಮೊದಲು ಮಾಡುವ ಕೆಲಸ ಎಣಿಕೆ. ಒಂದು ಮರಿ ಕಡಿಮೆಯಾದರೆ ಅವನು ಆ ಮರಿಯನ್ನು ಬೈದದ್ದನ್ನು ನಾನು ಕೇಳಿಲ್ಲ. ತನ್ನ ನಿದ್ದೆಯನ್ನು ಬೈದುಕೊಳ್ಳುತ್ತಾನೆ, ಇಲ್ಲವೆ ನಾಯಿಯನ್ನು.

ಇದನ್ನು ಒಮ್ಮೆ ನಮ್ಮ ನೆರೆಯಲ್ಲಿದ್ದ ನಿವೃತ್ತ ಪಾದ್ರಿಗಳ ಮುಂದೆ ಹೇಳಿದೆ. ಸಂಜೆ ಜಗಲಿಯ ಮೇಲೆ ಕುಳಿತು ಬೈಬಲ್ಲು ಓದುವುದು ಅವರ ಅಭ್ಯಾಸ. ಅವರು ನಕ್ಕು, "ರಾಯರೇ, ಯೆಹೆಜ್ಕೇಲನೂ ಇದನ್ನೇ ಹೇಳುತ್ತಾನೆ" ಎಂದರು. ಆ ಪ್ರವಾದಿಯ ಗ್ರಂಥದ 34ನೆಯ ಅಧ್ಯಾಯವೆಲ್ಲ ಕುರುಬರ ಮೇಲಿನ ದೂರು. ಕುರಿಯ ಹಾಲು ಕುಡಿದರು, ಉಣ್ಣೆ ಹೊದ್ದರು, ಗಾಯವಾದುದನ್ನು ಕಟ್ಟಲಿಲ್ಲ, ತಪ್ಪಿಸಿಕೊಂಡುದನ್ನು ಹುಡುಕಲಿಲ್ಲ ಎಂಬುದು ಅದರ ಸಾರ. ಕುರಿಗಳ ಮೇಲೂ ಒಂದು ಆಪಾದನೆ ಬರುತ್ತದೆ, ನಿಜ. ಆದರೆ ಅದು ಬಲಿತ ಕುರಿಗಳು ಬಡಕಲು ಕುರಿಗಳನ್ನು ಪಕ್ಕೆಯಿಂದ ನೂಕಿದುವೆಂಬ ಆಪಾದನೆ. ತೋಳವನ್ನು ಕಂಡು ಹೆದರಿದುವು ಎಂದು ಯಾವ ಕುರಿಯ ಮೇಲೂ ಅಲ್ಲಿ ಮೊಕದ್ದಮೆಯಿಲ್ಲ.

ಈ ಮಾತು ನನ್ನ ಮನಸ್ಸಿನಲ್ಲಿ ಉಳಿದುದಕ್ಕೆ ಕಾರಣ, ಅದೇ ದಿನಗಳಲ್ಲಿ ನಾನು ಅಬ್ಬೆ ದುಬ್ವಾ ಅವರ ಪತ್ರಗಳನ್ನು ಓದುತ್ತಿದ್ದುದು.

ದುಬ್ವಾ ಫ್ರಾನ್ಸಿನವರು, 'ಅಬ್ಬೆ' ಎಂಬುದು ಪಾದ್ರಿಗಳಿಗೆ ಅಲ್ಲಿನವರು ಕೊಡುವ ಗೌರವದ ಹೆಸರು. 1792ರಲ್ಲಿ ದೀಕ್ಷೆ ಪಡೆದು ಅದೇ ವರ್ಷ ಹಿಂದೂಸ್ಥಾನಕ್ಕೆ ಹಡಗು ಹತ್ತಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಬಳಿಕ, ಚದುರಿಹೋಗಿದ್ದ ಅಲ್ಲಿಯ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದರು. ನಮ್ಮವರ ಉಡುಪು ಉಟ್ಟರು, ನಮ್ಮವರ ಊಟ ಉಂಡರು. ಹಾಸನದ ಕಡೆ ಬೇಸಾಯದ ಒಕ್ಕಲುಗಳನ್ನು ಹೂಡಿದರು. ಸಿಡುಬು ಬಾರದಂತೆ ಜನರಿಗೆ ಚುಚ್ಚಿಸಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಲ್ಲಿಯೇ ಪರಿಚಿತ. ನಮ್ಮ ಆಚಾರ ವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥವನ್ನು ಎಲ್ಲರೂ ಬಲ್ಲರು. ನನಗೆ ಬೇಕಾದುದು ಅದಲ್ಲ. ಹಿಂದೂಸ್ಥಾನದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತು ಅವರು ಬರೆದು, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳು.

ಆ ಪತ್ರಗಳು ಸೋತ ಮನುಷ್ಯನ ಬರಹ. ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀಯ ಪಾದ್ರಿಯ ನೆರವಿನೊಡನೆ, ತಾವು ಮತಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ ಎಂದು ದುಬ್ವಾ ಲೆಕ್ಕ ಒಪ್ಪಿಸುತ್ತಾರೆ. ಅದರಲ್ಲಿಯೂ ಮೂರರಲ್ಲಿ ಎರಡು ಪಾಲು ದಿಕ್ಕಿಲ್ಲದ ಬಡವರು ಎಂದು ಅವರ ಕೊರಗು. (ಬಡವರು ಬಂದರೆಂದು ಕೊರಗುವುದು ಏಸುವಿನ ಶಿಷ್ಯನಿಗೆ ಸಲ್ಲುವ ಮಾತೇ ಎಂದು ಕೇಳಬೇಕೆನಿಸುತ್ತದೆ, ಅದು ಹಾಗಿರಲಿ.) ಲೆಕ್ಕ ಸಣ್ಣದಾಯಿತೆಂದು ಹೇಳುವ ಪ್ರಾಮಾಣಿಕತೆ ಎಲ್ಲ ಧರ್ಮಗುರುಗಳಿಗೂ ಇರುವುದಿಲ್ಲ. ಆ ಮಟ್ಟಿಗೆ ಅವರಿಗೆ ಕೈಮುಗಿಯೋಣ.

ಆದರೆ ಅದೇ ಪತ್ರಗಳಲ್ಲಿ ಇನ್ನೊಂದು ಸಂಗತಿಯಿದೆ. 1784ರಲ್ಲಿ ಟಿಪ್ಪು ಕೆನರಾ ಸೀಮೆಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಇವರು ಶತ್ರುವಿಗೆ ನೆರವಾದರೆಂಬ ಸಂಶಯ ಅವನಿಗಿತ್ತು. ದುಬ್ವಾ ಅವರ ಸಂಖ್ಯೆ ಅರುವತ್ತು ಸಾವಿರ. ಚರಿತ್ರೆಕಾರರು ಆ ಸಂಖ್ಯೆಯನ್ನು ಒಂದೇ ಸಮನೆ ಒಪ್ಪುವುದಿಲ್ಲ. ಟಿಪ್ಪುವಿನ ವಿಷಯವಾಗಿ ನಮ್ಮಲ್ಲಿ ನಡೆಯುವ ವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಹಿಡಿದು ತಂದವರನ್ನು ಬಲವಂತದಿಂದ ಮತಾಂತರ ಮಾಡಿದರು ಎಂದು ಬರೆದ ಮೇಲೆ ದುಬ್ವಾ ಸಿಡಿದೇಳುತ್ತಾರೆ. ಇಷ್ಟು ಸಾವಿರ ಜನರಲ್ಲಿ ತನ್ನ ನಂಬಿಕೆಯನ್ನು ಎದೆಗೊಟ್ಟು ಸಾರಿ ಪ್ರಾಣ ಬಿಟ್ಟವನು ಒಬ್ಬನಾದರೂ ಇಲ್ಲವಲ್ಲ, ಎಂಥ ನಾಚಿಕೆಗೇಡು ಎಂದು ಅವರ ಮಾತಿನ ಧಾಟಿ.

ಓದಿದಾಗ ನನಗೆ ಕೆನ್ನೆಗೆ ಹೊಡೆದಂತಾಯಿತು. ಅದಕ್ಕೆ ನನ್ನದೇ ಒಂದು ಕಾರಣವುಂಟು.

ಬಹಳ ವರ್ಷಗಳ ಹಿಂದೆ ನಾನು ಒಂದು ಕಚೇರಿಯಲ್ಲಿ ಹತ್ತು ಹನ್ನೆರಡು ಮಂದಿಗೆ ಮೇಲಿನವನಾಗಿದ್ದೆ. ನಾನು ರಜದ ಮೇಲೆ ಊರಿಗೆ ಹೋಗಿದ್ದಾಗ ಮೇಲಧಿಕಾರಿಯೊಬ್ಬರು ಬಂದು, ಒಬ್ಬ ನಿರಪರಾಧಿ ಗುಮಾಸ್ತನ ಮೇಲೆ ಸುಳ್ಳು ಹೇಳಿಕೆಯೊಂದನ್ನು ಬರೆಸಿ ಎಲ್ಲರಿಂದಲೂ ರುಜು ಹಾಕಿಸಿಕೊಂಡರು. ಹಿಂತಿರುಗಿ ಬಂದ ನಾನು ಎಲ್ಲರನ್ನೂ ಮುಂದೆ ನಿಲ್ಲಿಸಿಕೊಂಡು, "ನಿಮ್ಮಲ್ಲಿ ಒಬ್ಬರಿಗೂ ಆಗುವುದಿಲ್ಲ ಎನ್ನುವ ಧೈರ್ಯ ಬರಲಿಲ್ಲವೆ?" ಎಂದು ಕೇಳಿದೆ. ಯಾರೂ ತಲೆಯೆತ್ತಲಿಲ್ಲ. ಕೊನೆಗೆ ವಯಸ್ಸಾದ ಜವಾನನೊಬ್ಬ, ಜಗಳದ ದನಿಯಲ್ಲಿ ಅಲ್ಲ, ಜ್ಞಾಪಿಸಿಕೊಡುವವನಂತೆ, "ಸ್ವಾಮಿ, ಅವತ್ತು ತಾವು ರಜದಲ್ಲಿದ್ರಿ" ಎಂದ.

ದುಬ್ವಾ ಅವರೂ 'ಅವತ್ತು' ಇರಲಿಲ್ಲ. ಅವರಾಗ ಫ್ರಾನ್ಸಿನಲ್ಲಿ ಇಪ್ಪತ್ತು ದಾಟದ ಹುಡುಗ. ಕೆನರಾದ ಆ ಮಂದೆಯ ಜೊತೆ ಅದರ ಕುರುಬರೂ ಇರಲಿಲ್ಲ. ಪಾದ್ರಿಗಳನ್ನು ಗೋವೆಯ ಕಡೆಗೆ ಹೊರಗಟ್ಟಿದ್ದರು. ಮೈಸೂರು ಸೀಮೆಯಲ್ಲಿ ಮೊದಲಿನಿಂದ ದುಡಿದಿದ್ದ ಜೆಸ್ವಿಟ್ ಸಂಘವನ್ನು ಪೋಪರೇ 1773ರಲ್ಲಿ ರದ್ದು ಮಾಡಿದ್ದರು. ಪೂಜೆ ಹೇಳುವವರಿಲ್ಲದೆ, ಘಟ್ಟ ಹತ್ತಿಸಿಕೊಂಡು ತಂದ ಹೆಂಗಸರು ಮಕ್ಕಳಿಂದ ಈ ಪಾದ್ರಿಗಳು ಬಲಿದಾನವನ್ನು ಕೇಳುತ್ತಿದ್ದಾರೆ. ಇನ್ನೂ ಒಂದು ಮಾತು. ತಾವು ಫ್ರಾನ್ಸಿನಲ್ಲಿಯೇ ಇದ್ದಿದ್ದರೆ ಅಲ್ಲಿಯ ಕ್ರಾಂತಿಯಲ್ಲಿ ತಮ್ಮ ಅನೇಕ ಸ್ನೇಹಿತರಂತೆ ಬಹುಶಃ ಹತರಾಗುತ್ತಿದ್ದೆವು ಎಂದು ಅವರೇ ಬರೆದಿದ್ದಾರೆ. ಹತ್ಯೆಗಳು ಮಿತಿಮೀರುವ ಮೊದಲೇ ಅವರು ಹೊರಟಿದ್ದರೆನ್ನಿ. ಹೊರಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಒಂದು ಊರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದು ಊರಿಗೆ ಓಡಿಹೋಗಿ ಎಂದು ಏಸುವೇ ಶಿಷ್ಯರಿಗೆ ಅಪ್ಪಣೆ ಕೊಟ್ಟಿದ್ದನಲ್ಲ. ಆದರೆ ಸಮುದ್ರ ದಾಟಿ ಉಳಿದವನಿಗೆ, ದಾಟಲು ಸಮುದ್ರವೇ ಇಲ್ಲದವರನ್ನು ಹೀಗೆ ಕೇಳುವ ಹಕ್ಕು ಎಲ್ಲಿಂದ ಬಂದಿತು?

ಕ್ರೈಸ್ತಸಭೆಗೆ ಇದು ಹಳೆಯ ಪ್ರಶ್ನೆ. ಕ್ರಿಸ್ತಶಕ 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಬಹುಮಂದಿ ಹೆದರಿ ಅರ್ಪಿಸಿದರು. ಗಾಳಿ ತಣ್ಣಗಾದ ಮೇಲೆ ಅವರು ಅಳುತ್ತ ಸಭೆಯ ಬಾಗಿಲಿಗೆ ಬಂದರು. ಸೇರಿಸಬಾರದು ಎಂದು ನೊವೇಶಿಯನ್ ಹಠ ಹಿಡಿದ. ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆ ದಿನಗಳಲ್ಲಿ ತಾನೂ ಅಡಗಿದ್ದವನು. ಅದಕ್ಕಾಗಿ ಜನರಿಂದ ಮಾತು ಕೇಳಿದವನು. ಪಶ್ಚಾತ್ತಾಪ ಮಾಡಿದವರನ್ನು ಸೇರಿಸಿಕೊಳ್ಳತಕ್ಕದ್ದು ಎಂಬ ಕಡೆಗೆ ಅವನು ಬಂದ. 258ರಲ್ಲಿ ಎರಡನೆಯ ಸಲ ಪರೀಕ್ಷೆ ಬಂದಾಗ ಓಡದೆ ನಿಂತು ತಲೆ ಕೊಟ್ಟ.

ನಮ್ಮ ಪಾದ್ರಿಗಳಿಗೆ ಇದನ್ನೆಲ್ಲ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಯೋಹಾನನ ಸುವಾರ್ತೆಯಲ್ಲಿ ಇದ್ದಲು ಬೆಂಕಿ ಎರಡು ಕಡೆ ಬರುತ್ತದೆ, ಗಮನಿಸಿದ್ದೀರಾ?" ಎಂದರು. ನಾನು ಗಮನಿಸಿರಲಿಲ್ಲ. ಮಹಾಯಾಜಕನ ಅಂಗಳದಲ್ಲಿ ಆಳುಗಳು ಚಳಿಗೆ ಇದ್ದಲು ಬೆಂಕಿ ಹಾಕಿಕೊಂಡಿರುತ್ತಾರೆ. ಪೇತ್ರನು ಅಲ್ಲಿ ಮೈ ಕಾಯಿಸಿಕೊಳ್ಳುತ್ತ ನಿಂತು, ಗುರುವನ್ನು ತಾನು ಅರಿಯೆನೆಂದು ಮೂರು ಸಲ ಹೇಳುತ್ತಾನೆ. ಸತ್ತು ಎದ್ದ ಗುರು ಅವನಿಗೆ ಸರೋವರದ ದಡದಲ್ಲಿ ಕಾಣಿಸಿಕೊಂಡಾಗಲೂ ಇದ್ದಲು ಬೆಂಕಿ ಉರಿಯುತ್ತಿರುತ್ತದೆ. ಅದರ ಮೇಲೆ ಮೀನು. ಮೊದಲು ಊಟವಾಗುತ್ತದೆ. ಬಳಿಕ, ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಮೂರು ಸಲ. ಕುರಿಗಳನ್ನು ಮೇಯಿಸು ಎಂಬ ಅಪ್ಪಣೆ ಮೂರು ಸಲ. ಆ ರಾತ್ರಿ ಏಕೆ ಹಾಗೆಂದೆ ಎಂದು ಒಂದು ಸಲವೂ ಇಲ್ಲ. "ಮಂದೆಯನ್ನು ಕೊಟ್ಟದ್ದು ಯಾರಿಗೆ ನೋಡಿ, ರಾಯರೇ. ಹೆದರಿ ಸುಳ್ಳು ಹೇಳಿದವನಿಗೆ. ಹೆದರಿಕೆ ಎಂದರೇನೆಂದು ತಿಳಿಯದವನ ಕೈಗೆ ಕುರಿಗಳನ್ನು ಕೊಡಬಾರದು ಎಂದಿದ್ದರೂ ಇರಬಹುದು" ಎಂದರು. ಹಿರಿಯರಿಗೆ ಬುದ್ಧಿ ಹೇಳುವಾಗ ಪೇತ್ರನ ಪತ್ರ ಒಡೆಯರಂತೆ ದಬ್ಬಾಳಿಕೆ ಮಾಡಬೇಡಿ, ಮಂದೆಗೆ ಮಾದರಿಯಾಗಿರಿ ಎನ್ನುತ್ತದೆ. ಆ ಅಂಗಳದ ನೆನಪಿರುವವನಿಗೆ ದಬ್ಬಾಳಿಕೆ ಸುಲಭವಲ್ಲ.

ಇದು ಕ್ರೈಸ್ತರ ಪುಸ್ತಕದ ಮಾತು ಮಾತ್ರವೇ ಎಂದುಕೊಂಡು ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟರೆ ಪಾಂಡವಪುರ ಸಿಕ್ಕುತ್ತದೆ. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳಿಂದಾಗಿ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ಅದೇ ತಾಲ್ಲೂಕಿನಲ್ಲಿ ಮೇಲುಕೋಟೆ. ಮೇಲುಕೋಟೆಗೆ ರಾಮಾನುಜರು ಬಂದದ್ದು ಹೇಗೆ? ಚೋಳರಾಜನ ಕಡೆಯವರು ಹುಡುಕಿಕೊಂಡು ಬಂದಾಗ ಕಾವಿ ಬಿಟ್ಟು ಬಿಳಿಯುಟ್ಟು ಶ್ರೀರಂಗದಿಂದ ತಪ್ಪಿಸಿಕೊಂಡು ಬಂದರೆಂದು ಶ್ರೀವೈಷ್ಣವ ಸಂಪ್ರದಾಯವೇ ಹೇಳುತ್ತದೆ, ಮುಚ್ಚಿಡದೆ ಹೇಳುತ್ತದೆ. ಅವರ ಕಾವಿಯುಟ್ಟು ಅವರ ಹೆಸರಿನಲ್ಲಿ ಹೋದವರು ಶಿಷ್ಯರಾದ ಕೂರೇಶರು. ಅವರು ಕಣ್ಣು ಕಳೆದುಕೊಂಡರು. ಮುಂದೆ ಗುರುಗಳು ಮರಳಿ ಹೋಗಿ, ಕಂಚಿಯ ವರದರಾಜನಲ್ಲಿ ಕಣ್ಣು ಬೇಡಿಕೋ ಎಂದರೆ, ಕೂರೇಶರು ಬೇಡಿದ್ದು ತಮ್ಮನ್ನು ಈ ಗತಿಗೆ ತಂದ ನಾಲೂರಾನನಿಗೂ ಸದ್ಗತಿ ಸಿಕ್ಕಲಿ ಎಂದು.

ಕಥೆಯ ಎಷ್ಟು ಭಾಗ ಚರಿತ್ರೆ ಎಂಬುದನ್ನು ವಿದ್ವಾಂಸರು ಚರ್ಚಿಸಲಿ. ನಿಜವಾಗಿ ನೋವು ತಿಂದವರು ತೀರ್ಪು ಕೊಡಲು ಆತುರಪಡುವುದಿಲ್ಲ ಎಂಬುದನ್ನು ಈ ಕಥೆ ಹೇಳಿದ ಜನ ಬಲ್ಲವರಾಗಿದ್ದರು. ನೀವು ಓಡಿ ಬಂದಿರಿ ಎಂದು ಕೂರೇಶರು ಗುರುಗಳನ್ನು ಕೇಳಲಿಲ್ಲ. ನನಗಾಗಿ ಕಣ್ಣು ಕೊಟ್ಟವನು ಒಬ್ಬನೇ, ಉಳಿದವರೆಲ್ಲಿ ಎಂದು ಗುರುಗಳು ಶಿಷ್ಯರನ್ನು ಕೇಳಲಿಲ್ಲ.

ದುಬ್ವಾ ಅವರನ್ನು ಕಟಕಟೆಗೆ ಹತ್ತಿಸಿ ಕೆಳಗಿಳಿಸದೆ ಬಿಡುವುದು ನನಗೆ ಇಷ್ಟವಿಲ್ಲ; ಹಾಗೆ ಮಾಡಿದರೆ ನಾನೂ ರಜದಲ್ಲಿದ್ದವನೇ. ಅವರ ಖ್ಯಾತಿಯ ಗ್ರಂಥದ ಬಹುಭಾಗಕ್ಕೆ ಕೂರ್ದೂ ಎಂಬ ಹಳೆಯ ಜೆಸ್ವಿಟ್ ಪಾದ್ರಿಯ ಬರಹವೇ ಮೂಲವೆಂದು 1987ರಲ್ಲಿ ಸಿಲ್ವಿಯಾ ಮೂರ್ ಎಂಬ ವಿದುಷಿ ತೋರಿಸಿಕೊಟ್ಟರು. ಹೆಸರು ಹೇಳಿ ಒಪ್ಪಿಕೊಳ್ಳುವುದು ದೊಡ್ಡವರಿಗೂ ಕಷ್ಟ. 1823ರ ಜನವರಿ 15ರಂದು ಅವರು ಹಿಂದೂಸ್ಥಾನವನ್ನು ಬಿಟ್ಟು ಹೋದರು, ಮತ್ತೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ಹೊಸ ಪಾದ್ರಿಗಳನ್ನು ತಯಾರು ಮಾಡುವ ಮಠದ ಹಿರಿಯರಾಗಿದ್ದು 1848ರಲ್ಲಿ ತೀರಿಕೊಂಡರು. ತನ್ನ ದುಡಿಮೆ ವ್ಯರ್ಥವೆಂದು ಬರೆದವರು ಆ ಹುಡುಗರಿಗೆ ಏನು ಹೇಳಿ ಕಳಿಸುತ್ತಿದ್ದರೋ!

ಆದರೆ ಆ ಸಿಟ್ಟಿನ ಮಾತಿನ ಬೆನ್ನಿಗೇ ಅವರು ಇನ್ನೊಂದು ಸಂಗತಿಯನ್ನು ಬರೆದಿದ್ದಾರೆ. ಅವಸರದಲ್ಲಿ ಓದಿದರೆ ತಪ್ಪಿಹೋಗುತ್ತದೆ. ಟಿಪ್ಪು ಸತ್ತ ಮೇಲೆ ಆ ಜನ ಮರಳಿ ಬಂದರು. ಇಪ್ಪತ್ತು ಸಾವಿರದಷ್ಟು ಮಂದಿ ಮಂಗಳೂರಿನ ಕಡೆಗೆ ಹೋಗಿ ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು. ಎರಡು ಸಾವಿರದಷ್ಟು ಮಂದಿ ದುಬ್ವಾ ಅವರಿಗೆ ಸಿಕ್ಕರು. ಮೇಲೆ ಮಾತ್ರ ಬಿಟ್ಟಿದ್ದೆವು, ಒಳಗೆ ಬಿಟ್ಟಿರಲಿಲ್ಲ ಎಂದು ಅವರು ಹೇಳಿಕೊಂಡರು. ಹದಿನೈದು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡುದು ಇದೆಯೆ ಇಲ್ಲವೆ ಎಂದು ತೂಗಿ ನೋಡುವ ತಕ್ಕಡಿ ಆ ಮೂವತ್ತು ಮೂರು ವರ್ಷದ ಪಾದ್ರಿಯ ಬಳಿ ಇರಲಿಲ್ಲ. ಪತ್ರ ಬರೆಯುವ ಮೇಜು ಇನ್ನೂ ದೂರವಿದ್ದಿತು. ಬಾಗಿಲಲ್ಲಿ ಜನ ನಿಂತಿದ್ದರು. ಅವರು ಬಾಗಿಲು ತೆರೆದರು.