ವಿಪತ್ತಿನ ಸಹಾಯವನ್ನು ಯಾರ ಕೈಯಲ್ಲಿ ಒಪ್ಪಿಸಬೇಕು?

ನೆರೆ, ಭೂಕಂಪ ಮುಂತಾದ ವಿಪತ್ತಿನ ಸುದ್ದಿ ಬಂದಾಗ ನಮ್ಮ ಮನಸ್ಸು ಕರಗುವದು ಯುಕ್ತವೇ. 2018ನೇ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದಾಗಲೂ, 2024ನೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳ ಮೇಲೆ ಮಣ್ಣೂ ನೀರೂ ಹರಿದುಬಂದಾಗಲೂ ಕೂಲಿಯಿಂದ ಜೀವಿಸುವವರು ಸಹ ಕೈಲಾದದ್ದನ್ನು ಕೊಟ್ಟರು. ಆದರೆ ಕೊಟ್ಟ ಹಣವು ಸೇರಬೇಕಾದವರಿಗೆ ಸೇರಿತೋ ಎಂದು ವಿಚಾರಿಸಿದವರು ಎಷ್ಟು ಮಂದಿ?

ಧರ್ಮವನ್ನು ಗುಪ್ತವಾಗಿ ಮಾಡಬೇಕೆಂದು ಕರ್ತನು ಕಲಿಸಿರುವಾಗ ಲೆಕ್ಕ ಕೇಳುವದು ಸರಿಯೋ ಎಂದು ಕೆಲವರು ಸಂಶಯಪಡುತ್ತಾರೆ. ಆ ಬೋಧನೆಯು ಕೊಡುವವನ ಹೆಚ್ಚಳವನ್ನು ತಡೆಯುತ್ತದೆಯೇ ಹೊರತು ಒಯ್ಯುವವನ ಲೆಕ್ಕವನ್ನು ಮುಚ್ಚುವದಿಲ್ಲ. ಯೆರೂಸಲೇಮಿನ ಬಡವರಿಗೋಸ್ಕರ ಸಭೆಗಳು ಕೂಡಿಸಿದ ದ್ರವ್ಯವನ್ನು ಪೌಲನು ತಾನೊಬ್ಬನೇ ಒಯ್ಯಲು ಮನಸ್ಸುಮಾಡಲಿಲ್ಲ. ತೀತನ ಸಂಗಡ ಸಭೆಗಳು ತಾವೇ ನೇಮಿಸಿದ ಸಹೋದರನನ್ನೂ ಆ ಕೆಲಸದಲ್ಲಿ ಸೇರಿಸಿದನು. ಯಾರೂ ತಪ್ಪುಹೊರಿಸದಂತೆ ಹೀಗೆ ಮಾಡಿದನೆಂದು ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯಿಂದ ತಿಳಿಯುತ್ತದೆ. ಅಪೊಸ್ತಲನೇ ಸಾಕ್ಷಿಗಳನ್ನು ಬಯಸಿದ ಮೇಲೆ, ನಾವು ರಶೀದಿ ಕೇಳಿದರೆ ಯಾರಿಗೆ ಅವಮಾನ?

ಇದಲ್ಲದೆ ಸಂಕಟದಲ್ಲಿರುವವನಿಗೆಂದು ನಾವು ಎತ್ತಿಟ್ಟ ನೂರು ರೂಪಾಯಿ ಆ ಗಳಿಗೆಯಿಂದ ನಮ್ಮದಲ್ಲ, ಅವನದೇ. ಅದನ್ನು ವಿಚಾರಿಸದೆ ಕಂಡವರಿಗೆ ಕೊಟ್ಟು ಕಳೆದರೆ, ಮನೆ ಕಳೆದುಕೊಂಡವನಿಗೆ ಇನ್ನೊಂದು ನಷ್ಟವನ್ನು ನಾವೇ ತಂದಂತಾಗುವದು.

ವಂಚಕರು ವಿಪತ್ತನ್ನೇ ಸುಗ್ಗಿಯಾಗಿ ಎಣಿಸುತ್ತಾರೆ. 2020ನೇ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದ ನಿಮಿತ್ತ ಪಿ.ಎಂ. ಕೇರ್ಸ್ ನಿಧಿಯು ಆರಂಭವಾದ ಕೂಡಲೇ, ಅದರ ಯುಪಿಐ ವಿಳಾಸದೊಳಗಿಂದ ಒಂದೇ ಅಕ್ಷರವನ್ನು ಬಿಟ್ಟು ಕಳ್ಳ ವಿಳಾಸವೊಂದನ್ನು ಹುಟ್ಟಿಸಿದ್ದರು. ದೆಹಲಿಯ ಪೊಲೀಸರು ಜನರನ್ನು ಎಚ್ಚರಿಸಬೇಕಾಯಿತು. ಆದಕಾರಣ ಮೊಬೈಲಿಗೆ ಬಂದ ವಿಳಾಸವನ್ನು ನಂಬಿ ಹಣ ಕಳುಹಿಸದೆ, ಸಂಸ್ಥೆಯ ಸ್ವಂತ ಪ್ರಕಟನೆಯಲ್ಲಿ ನೋಡಿಕೊಳ್ಳತಕ್ಕದ್ದು. ಹಣವು ಸಂಸ್ಥೆಯ ಖಾತೆಗೆ ಹೋಗಬೇಕೇ ಹೊರತು ಒಬ್ಬ ಮನುಷ್ಯನ ಖಾತೆಗೆ ಹೋಗಬಾರದು.

ನಂಬಿಗಸ್ತ ಸಂಸ್ಥೆಯ ಗುರುತುಗಳು ಯಾವವು? ಅದು ಕಾನೂನಿನ ಪ್ರಕಾರ ನೋಂದಾಯಿಸಲ್ಪಟ್ಟಿರಬೇಕು. ಅದನ್ನು ನಡಿಸುವವರ ಹೆಸರುಗಳು ಪ್ರಸಿದ್ಧವಾಗಿರಬೇಕು. ಹೊರಗಿನ ಪರಿಶೋಧಕರು ತನಿಖೆಮಾಡಿದ ಲೆಕ್ಕವನ್ನು ವರುಷ ವರುಷ ಪ್ರಕಟಿಸಬೇಕು. ಹಿಂದಿನ ವಿಪತ್ತಿನಲ್ಲಿ ಎಷ್ಟು ಬಂತು, ಏನು ಮಾಡಿದೆವು ಎಂದು ಹೇಳುವದಕ್ಕೆ ಹಿಂಜರಿಯಬಾರದು. ವಿಪತ್ತಿಗೆ ಮುಂಚೆಯೇ ಆ ಸ್ಥಳದಲ್ಲಿ ಕೆಲಸಮಾಡಿ, ಪತ್ರಿಕೆಯವರು ಹೊರಟುಹೋದ ಮೇಲೂ ಅಲ್ಲೇ ಉಳಿಯುವದಾದರೆ ಅದು ಇನ್ನೂ ಉತ್ತಮ. ಯಾಕಂದರೆ ವಿಧವೆ ಯಾರು, ನಡೆಯಲಾರದ ಮುದುಕ ಯಾರು ಎಂಬದನ್ನು ಬಲ್ಲವರು ಅಂಥವರೇ.

ಆದರೆ ಒಂದು ಅನ್ಯಾಯವನ್ನು ನಾವು ಮಾಡಬಾರದು. ಸಂಸ್ಥೆಯು ಲಾರಿಯ ಬಾಡಿಗೆಗೂ ಉಗ್ರಾಣದವನ ಸಂಬಳಕ್ಕೂ ವೆಚ್ಚಮಾಡಿದ್ದನ್ನು ಕಂಡು ಕಳ್ಳತನವೆನ್ನಬಾರದು. ಅಕ್ಕಿ ತಾನಾಗಿ ನಡೆದು ಹೋಗುವದಿಲ್ಲವಷ್ಟೆ. ಹಾಗೆಯೇ ಕೇಳದ ವಸ್ತುವನ್ನು ಕಳುಹಿಸುವದೂ ಸಹಾಯವಲ್ಲ. 2004ನೇ ಡಿಸೆಂಬರ್ 26ರ ಸುನಾಮಿಯ ತರುವಾಯ ನಾಗಪಟ್ಟಿಣದ ಕಡೆಗೆ ಬಂದ ಹಳೇ ಬಟ್ಟೆಗಳು ಉಡುವವರಿಲ್ಲದೆ ದಾರಿಯ ಬದಿಯಲ್ಲಿ ರಾಶಿಬಿದ್ದವು.

ಇಷ್ಟನ್ನು ಓದಿ, ಯಾರನ್ನೂ ನಂಬಲಾಗದು, ಆದದರಿಂದ ಕೊಡುವದೇ ಬೇಡ ಎಂದು ಗಂಟು ಬಿಗಿಯುವವರುಂಟು. ಅದು ಎಚ್ಚರಿಕೆಯ ವೇಷ ಹಾಕಿದ ಲೋಭವೇ. ಹಸಿದವನು ನಮ್ಮ ವಿಚಾರಣೆ ಮುಗಿಯುವ ವರೆಗೆ ಕಾದಿರಲಾರನು. ಹೀಗಿರಲಾಗಿ ವಿಚಾರಣೆಯನ್ನು ವಿಪತ್ತು ಬಾರದ ದಿನಗಳಲ್ಲೇ ಮಾಡೋಣ. ಪ್ರತಿ ಸಭೆಯು ಇಬ್ಬರನ್ನು ನೇಮಿಸಿ, ಒಂದೆರಡು ಸಂಸ್ಥೆಗಳ ಲೆಕ್ಕಗಳನ್ನು ತರಿಸಿ ಓದಿಸಲಿ. ಸುದ್ದಿ ಬಂದ ದಿನವೇ ತಡವಿಲ್ಲದೆ ಕಳುಹಿಸಿ, ಬಂದ ರಶೀದಿಯನ್ನು ಕೂಲಿಯವರೂ ವಿಧವೆಯರೂ ಕೇಳುವ ಹಾಗೆ ಗಟ್ಟಿಯಾಗಿ ಓದಲಿ.