ಹಳೆಯ ಮೋಟಾರು ಓಡಬೇಕೆ, ನಿಲ್ಲಬೇಕೆ?

ಹಳೆಯದೊಂದು ವಸ್ತುವನ್ನು ಉಳಿಸಿಕೊಳ್ಳುವುದೆಂದರೆ ಅದನ್ನು ಬಳಸುವುದೋ, ಬಳಸದೆ ಕಾಪಿಡುವುದೋ? ಗಡಿಯಾಚೆ ನೆಲೆನಿಂತು ತಲೆತಲಾಂತರದಿಂದ ಕನ್ನಡವನ್ನು ಆಡುತ್ತ ಬಂದಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಆದರೆ ನಮ್ಮ ಮನೆಯ ಪ್ರಶ್ನೆಯನ್ನು ನಾವೇ ವಿಚಾರಿಸಿಕೊಳ್ಳುವಾಗ ಅಭಿಮಾನ ಅಡ್ಡ ಬರುತ್ತದೆ. ಆದ್ದರಿಂದ ಈ ಬಾರಿ ಅದನ್ನು ನಮ್ಮ ನೆಂಟಸ್ತಿಕೆಯಿಲ್ಲದ ಒಂದು ಕಡೆಯಲ್ಲಿಟ್ಟು ನೋಡೋಣ: ಅಮೆರಿಕದ ಹಳ್ಳಿಗಾಡಿನ ರಸ್ತೆಗಳಲ್ಲಿ ದಿನಗಟ್ಟಲೆ ಸಾಲುಹಿಡಿದು ಸಾಗುವ ಹಳೆಯ ಕಾರುಗಳ ಪ್ರವಾಸದಲ್ಲಿ.

ಗ್ಲಿಡನ್ ಪ್ರವಾಸವೆಂದು ಅದರ ಹೆಸರು. ದೂರವಾಣಿ ಉದ್ಯಮದಲ್ಲಿ ಹಣ ಗಳಿಸಿದ್ದ ಚಾರ್ಲ್ಸ್ ಗ್ಲಿಡನ್ ಎಂಬುವರು ಕೊಟ್ಟ ಪಾರಿತೋಷಕಕ್ಕಾಗಿ ಅಮೆರಿಕದ ಮೋಟಾರು ಸಂಘವು ಅದನ್ನು 1905ರಲ್ಲಿ ಆರಂಭಿಸಿತು. ನ್ಯೂಯಾರ್ಕಿನಿಂದ ನ್ಯೂ ಹ್ಯಾಂಪ್‌ಶೈರಿನ ಬೆಟ್ಟಗಳವರೆಗೆ ಹೋಗಿ ಮರಳುವ ಆ ಮೊದಲ ಪ್ರವಾಸದಲ್ಲಿ ಗೆದ್ದವರು ಪಿಯರ್ಸ್ ಕಾರನ್ನು ನಡೆಸಿದ ಪರ್ಸಿ ಪಿಯರ್ಸ್. ಅದು ವೇಗದ ಪಂದ್ಯವಾಗಿರಲಿಲ್ಲ. ಮೋಟಾರು ನಂಬಿ ಹೊರಡಬಹುದಾದ ವಾಹನವೆಂದು ಜನರಿಗೆ ತೋರಿಸಬೇಕಿತ್ತು. ಒಳ್ಳೆಯ ರಸ್ತೆಗಳು ಬೇಕೆಂಬ ಮಾತನ್ನು ಸರಕಾರದ ಕಿವಿಗೂ ಹಾಕಬೇಕಿತ್ತು. ದಾರಿ ತೋರುವ ಫಲಕಗಳಿಲ್ಲದ ಕಾಲವದು. ಮುಂದೆ ಹೋಗುವ ಕಾರಿನವರು ಕಾಗದದ ಚೂರುಗಳನ್ನು ಚೆಲ್ಲುತ್ತ ಸಾಗಿದರೆ ಹಿಂದಿನವರು ಅದನ್ನೇ ನೋಡಿ ತಿರುವುಗಳನ್ನು ಗುರುತಿಸುತ್ತಿದ್ದರು. ಕುದುರೆಗಳು ಬೆದರುತ್ತಿದ್ದವು, ಅವುಗಳ ಒಡೆಯರು ಬಯ್ಯುತ್ತಿದ್ದರು. 1913ರ ಪ್ರವಾಸದ ಬಳಿಕ ಅದು ನಿಂತುಹೋಯಿತು. ತೋರಿಸಬೇಕಾದದ್ದು ಅಷ್ಟರಲ್ಲಿ ಸಿದ್ಧವಾಗಿಬಿಟ್ಟಿತ್ತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರುಗಳು 1927ರ ಹೊತ್ತಿಗೆ ಒಂದೂವರೆ ಕೋಟಿಯಷ್ಟು ತಯಾರಾದವು. ಮೊದಲು ಬೈದ ರೈತರೇ ಅದರ ಹಿಂದಿನ ಗಾಲಿಯನ್ನು ಜಾಕಿನ ಮೇಲೆತ್ತಿ, ಪಟ್ಟಿ ಕಟ್ಟಿ, ಕಟ್ಟಿಗೆ ಕೊಯ್ಯುವ ಗರಗಸವನ್ನು ಅದರಿಂದ ತಿರುಗಿಸಿಕೊಂಡರು.

1946ರಲ್ಲಿ ಹಳೆಯ ಕಾರುಗಳ ಅಭಿಮಾನಿಗಳ ಕ್ಲಬ್ಬೊಂದು ಅದೇ ಹೆಸರಿನ ಪ್ರವಾಸವನ್ನು ಮತ್ತೆ ಹೊರಡಿಸಿತು. ಈಗ ಉದ್ದೇಶ ಪೂರ್ತಿ ತಿರುವುಮುರುವು. ಅಂದು ಹೊಸದನ್ನು ನಂಬಿರೆಂದು ಹೇಳಬೇಕಿತ್ತು. ಇಂದು ಹಳೆಯದು ಇನ್ನೂ ಸತ್ತಿಲ್ಲವೆಂದು ಹೇಳಬೇಕಾಗಿದೆ. ಯುದ್ಧಪೂರ್ವದ ಕಾರುಗಳು ಹೆದ್ದಾರಿಯ ವೇಗಕ್ಕೆ ಹೊಂದುವುದಿಲ್ಲವಾದ್ದರಿಂದ ಹೊಲಗಳ ನಡುವಿನ ಸಣ್ಣ ರಸ್ತೆಗಳನ್ನು ಹಿಡಿಯುತ್ತವೆ. ನಾಲ್ಕಾರು ದಿನ ಊರಿಂದೂರಿಗೆ ಹೋಗುತ್ತವೆ, ಇಲ್ಲವೆ ಒಂದೇ ಊರಿನಲ್ಲಿ ಬಿಡಾರ ಹೂಡಿ ದಿನಕ್ಕೊಂದು ದಿಕ್ಕಿಗೆ ಹೋಗಿ ಸಂಜೆಗೆ ಮರಳುತ್ತವೆ.

ಸಾಲಿನ ಕೊನೆಯಲ್ಲಿ ಒಂದು ಲಾರಿಯೂ ಬರುತ್ತದೆ. ಕೆಟ್ಟು ನಿಂತ ಕಾರನ್ನು ಹೇರಿಕೊಂಡು ಬಿಡಾರ ಮುಟ್ಟಿಸುವುದು ಅದರ ಕೆಲಸ. ಎತ್ತಿಕೊಳ್ಳಲು ಹಿಂದೆ ಲಾರಿಯಿದೆ ಎಂದು ತಿಳಿದೇ ಹೊರಟವರದು ಪ್ರಯಾಣವೆ, ಪ್ರಯಾಣದ ನಾಟಕವೆ? ಹಿಂದಿನವರೆಲ್ಲ ಶೂರರೆಂದು ಭಾವಿಸಬೇಕಿಲ್ಲ. 1913ರ ಪ್ರವಾಸದ ಜೊತೆಗೆ ಮಲಗುವ ಡಬ್ಬಿ, ಊಟದ ಡಬ್ಬಿಗಳಿದ್ದ ರೈಲೇ ಸಾಗಿತ್ತು. ನೆರವಿನಿಂದ ಪ್ರಯಾಣ ಸುಳ್ಳಾಗುವುದಿಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಹಾಯುವ ಊರಿನಿಂದ ಏನೂ ಬೇಕಾಗದೆ ಹೋದಾಗ ಅದರಲ್ಲೊಂದು ಕೊರತೆ ಹುಟ್ಟುತ್ತದೆ. ಉಗಿಯಿಂದ ಓಡುವ ಸ್ಟ್ಯಾನ್ಲಿ ಕಾರನ್ನು ನೋಡಿರಿ. ಅದರ ಹಳೆಯ ಮಾದರಿಗಳಿಗೆ ಹಾದಿಯಲ್ಲಿ ಮತ್ತೆ ಮತ್ತೆ ನೀರು ಬೇಕು. ಎಷ್ಟೇ ಸಿರಿವಂತನಾಗಲಿ, ಯಾರದೋ ಅಂಗಳದಲ್ಲಿ ನಿಂತು ನೀರು ಕೇಳಲೇಬೇಕು. ಕೇಳಿದ ಮೇಲೆ ಎರಡು ಮಾತು, ಆಮೇಲೆ ಆ ಮನೆಯ ಮಕ್ಕಳು ಕಾರಿನ ಸುತ್ತ. ಬಾಯಾರುವ ಯಂತ್ರವೇ ಊರಿನೊಡನೆ ನಂಟು ಕಟ್ಟುತ್ತದೆ. ಬಾಯಾರದ ಯಂತ್ರ ಊರನ್ನು ನೋಟವಾಗಿ ಮಾತ್ರ ಹಾಯ್ದು ಹೋಗುತ್ತದೆ, ತಾನೂ ಊರಿಗೊಂದು ನೋಟವಾಗಿ ಮುಗಿಯುತ್ತದೆ.

ಇನ್ನೊಂದು ಪ್ರಶ್ನೆ ಬಣ್ಣದ್ದು. ಹಳೆಯ ಕಾರನ್ನು ಬಿಚ್ಚಿ, ಉಜ್ಜಿ, ಕಾರ್ಖಾನೆಯಿಂದ ಹೊರಬಿದ್ದ ದಿನಕ್ಕಿಂತ ಹೆಚ್ಚು ಹೊಳೆಯುವಂತೆ ಮಾಡುವವರಿದ್ದಾರೆ. ಹಾಗೆ ಹೊಳೆಯುವ ಕಾರಿನಲ್ಲಿ ಅದು ಬಾಳಿದ ವರ್ಷಗಳು ಕಾಣುವುದಿಲ್ಲ. ಅಮೆರಿಕದ ಪುರಾತನ ಕಾರುಗಳ ಕ್ಲಬ್ಬು ಇದನ್ನರಿತು, ಮೂಲ ಬಣ್ಣ, ಮೂಲ ಗಾದಿಗಳನ್ನು ಹಾಗೆಯೇ ಉಳಿಸಿಕೊಂಡ ಕಾರುಗಳಿಗೆ ಬೇರೆಯೇ ಒಂದು ವರ್ಗವನ್ನಿಟ್ಟಿದೆ. ಮಾಸಿದ ಬಣ್ಣ, ಸವೆದ ತೊಗಲು ಅಲ್ಲಿ ದೋಷವಲ್ಲ. ನಮ್ಮೂರುಗಳ ಗುಡಿಯ ಕಲ್ಲುಕಂಬಗಳಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆಬಣ್ಣ ಬಳಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಬಳಿದವರಿಗೆ ಭಕ್ತಿಯ ಕೊರತೆಯಿತ್ತೆಂದೂ ಹೇಳಲಾಗದು, ಅದೇ ತೊಡಕು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ನಮ್ಮ ಕನ್ನಡದಲ್ಲಿ ಪಗಾರ, ದವಾಖಾನೆ, ಚಾಲೂ ಮೊದಲಾದ ಮಾತುಗಳು ಬೆರೆತಿವೆ. ಅವನ್ನು ಉಜ್ಜಿ ತೆಗೆದು ಅಪ್ಪಟಗೊಳಿಸಿರೆಂದು ಸಲಹೆ ಕೊಡುವ ಹಿತೈಷಿಗಳು ನಮಗೂ ಇದ್ದಾರೆ. ಮರಾಠಿಯ ನೆರೆಯಲ್ಲಿ ನೂರಾರು ವರ್ಷ ಸಂತೆ ಮಾಡಿದ ಭಾಷೆಯ ಮೈಮೇಲೆ ಆ ಸಂತೆಯ ಗುರುತು ಇರದೆ ಹೇಗೆ?

ನಮ್ಮ ದೇಶದ ಕಾನೂನಿಗೆ ಬರೋಣ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಬೈಕು, ಕಾರುಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಲು ಕೇಂದ್ರ ಸರಕಾರ 2021ರಲ್ಲಿ ನಿಯಮ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಸಂಖ್ಯಾಫಲಕದಲ್ಲಿ ವಿ.ಎ. ಎಂಬ ಅಕ್ಷರಗಳು. ಆದರೆ ಅಂಥ ವಾಹನ ರಸ್ತೆಗಿಳಿಯಬಹುದಾದದ್ದು ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ಕಾರುಗಳ ರ‍್ಯಾಲಿಗೆ, ಇಂಧನ ತುಂಬಿಸಲು, ದುರಸ್ತಿಗೆ. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಹೊಗೆ, ಸುರಕ್ಷತೆಗಳನ್ನು ಎಣಿಸಿದರೆ ನಿಯಮ ನ್ಯಾಯವಾದದ್ದೇ. ಆದರೂ ಅದನ್ನು ಓದುವಾಗ ನಮ್ಮೊಳಗೆ ಏನೋ ಚುಚ್ಚುತ್ತದೆ. ಗೌರವದ ಅಕ್ಷರಗಳುಂಟು, ಉತ್ಸವಕ್ಕೆ ಆಹ್ವಾನವುಂಟು, ಸಂತೆಗೆ ಹೋಗಿಬರುವ ಹಕ್ಕಿಲ್ಲ! ವರ್ಷಕ್ಕೊಮ್ಮೆ ಧ್ವಜ ಕಟ್ಟಿ, ಶಾಲು ಹೊದಿಸಿ, ಎರಡು ದಿನ ಕನ್ನಡವಾಡಿ, ಮೂರನೆಯ ದಿನ ಮನೆಯ ಮಕ್ಕಳೊಡನೆ ಬೇರೆ ನುಡಿಯಲ್ಲಿ ಮಾತಾಡುವ ಸಮ್ಮೇಳನಕ್ಕೂ ಇಂಥದೊಂದು ರ‍್ಯಾಲಿಗೂ ಅಂತರವೇನು ಎಂದು ಯಾರಾದರೂ ಕೇಳಿದರೆ? ಸಿದ್ಧರಾಮೇಶ್ವರರ ನೆಲದವರಾದ ನಮಗೆ ಸ್ಥಾವರ, ಜಂಗಮಗಳ ಭೇದವನ್ನು ಹೊರಗಿನವರು ಕಲಿಸಬೇಕಿಲ್ಲ.

ಅವಸರದಲ್ಲಿ ನಮ್ಮನ್ನು ನಾವೇ ಬೈದುಕೊಳ್ಳುವುದೂ ಸರಿಯಲ್ಲ. ನಮ್ಮ ಊರುಗಳ ತೇರನ್ನು ನೆನೆಯಿರಿ. ಅದೂ ಗಾಲಿಯ ವಾಹನವೇ, ಅದೂ ಹಳೆಯದೇ, ಅದೂ ವರ್ಷಕ್ಕೊಮ್ಮೆಯೇ ಹೊರಬರುತ್ತದೆ. ಉಳಿದ ದಿನಗಳಲ್ಲಿ ತಗಡಿನ ಮರೆಯಲ್ಲಿ ನಿಂತಿರುತ್ತದೆ. ಅಚ್ಚು ಮುರಿದರೆ ಹೊಸ ಅಚ್ಚು, ಗಾಲಿ ಲಡ್ಡಾದರೆ ಹೊಸ ಗಾಲಿ. ಹಗ್ಗವಂತೂ ಎಷ್ಟನೆಯದೋ ಲೆಕ್ಕವಿಲ್ಲ. ಆದರೂ ಅಜ್ಜ ಎಳೆದ ತೇರನ್ನೇ ಮೊಮ್ಮಗ ಎಳೆಯುತ್ತಾನೆ ಎನ್ನುವುದರಲ್ಲಿ ಯಾರಿಗೂ ಸಂಶಯವಿಲ್ಲ. ಅದನ್ನು ಸತ್ತ ವಸ್ತುವೆಂದು ಯಾರೂ ಕರೆದಿಲ್ಲ. ಬಡಿಗನಿಗೆ ಅದರ ಕೀಲು ಗೊತ್ತು, ಕಮ್ಮಾರನಿಗೆ ಅದರ ಪಟ್ಟಿ ಗೊತ್ತು, ಇಳಿಜಾರಿನಲ್ಲಿ ಗಾಲಿಗೆ ಅಡ್ಡಮರ ಒಡ್ಡುವವನ ಕಣ್ಣಳತೆಯ ಮೇಲೆ ನೂರಾರು ಜನರ ಕಾಲುಗಳ ಕ್ಷೇಮ ನಿಂತಿದೆ. ಉತ್ತತ್ತಿ ಎಸೆಯುವವರೂ ಹಗ್ಗ ಹಿಡಿಯುವವರೂ ಅದೇ ಊರಿನವರು. ತೇರು ಅಂಗಳಕ್ಕೆ ಬಂದಾಗ ನೋಡುಗರೆಂಬ ಬೇರೆ ಜಾತಿಯೇ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಎಂಬುದು ಹಾಗಾದರೆ ಕುಂದಲ್ಲ. ಹಗ್ಗ ಎಷ್ಟು ಕೈಗಳಲ್ಲಿದೆ ಎಂಬುದನ್ನು ಕೇಳಬೇಕು.

ಈ ಅಳತೆಗೋಲನ್ನು ಹಿಡಿದು ಮತ್ತೆ ಆ ಹಳೆಯ ಕಾರುಗಳ ಕಡೆ ತಿರುಗಿದರೆ, ಕಬ್ಬಿಣಕ್ಕಿಂತ ಬೇಗ ಅಳಿಯುವುದು ಬೇರೊಂದಿದೆ ಎಂದು ಕಾಣುತ್ತದೆ. ಮಾಡೆಲ್ ಟಿ ಕಾರಿಗೆ ಇಂದಿನ ಕಾರಿನ ರೂಢಿ ಒಂದೂ ನಡೆಯುವುದಿಲ್ಲ. ಕಾಲಡಿಯ ಮೂರು ಪೆಡಲುಗಳಲ್ಲಿ ಎಡದ್ದು ಗೇರು, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕು. ವೇಗ ಹೆಚ್ಚಿಸುವ ಸನ್ನೆ ಸ್ಟಿಯರಿಂಗಿನ ಕೆಳಗೆ ಕೈಯಲ್ಲಿದೆ. ಪೆಟ್ರೋಲು ತನ್ನಷ್ಟಕ್ಕೆ ಇಳಿದು ಇಂಜಿನ್ನಿಗೆ ಸೇರಬೇಕಾದ್ದರಿಂದ, ಟ್ಯಾಂಕಿನಲ್ಲಿ ಅದು ಕಡಿಮೆಯಿದ್ದಾಗ ಕಡಿದಾದ ಏರನ್ನು ಹಿಂಬದಿಯಾಗಿ ಹತ್ತಬೇಕು! ಮುಂದಿನ ಹಿಡಿಕೆ ತಿರುಗಿಸಿ ಚಾಲೂ ಮಾಡುವ ಮುನ್ನ ಕಿಡಿಯ ಸನ್ನೆಯನ್ನು ಹಿಂದಕ್ಕೆ ಸರಿಸಿರಬೇಕು. ಹಿಡಿಕೆಯನ್ನು ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿಸದೆ ಉಳಿದ ಬೆರಳುಗಳ ಬದಿಗೇ ಇಡಬೇಕು. ಇಲ್ಲವಾದರೆ ಇಂಜಿನ್ನು ಹಿಂದಕ್ಕೆ ಒದ್ದಾಗ ಕೈ ಮುರಿದೀತು. ಇದನ್ನು ಪುಸ್ತಕದಲ್ಲಿ ಬರೆದಿಡಬಹುದು, ಬರೆದಿಟ್ಟೂ ಇದ್ದಾರೆ. ಆದರೆ ಹೆಬ್ಬೆರಳಿಗೆ ಅದು ಗೊತ್ತಾಗುವುದು ಗೊತ್ತಿರುವವರ ಪಕ್ಕದಲ್ಲಿ ನಿಂತಾಗ. ಗಾಜಿನ ಮನೆಯಲ್ಲಿಟ್ಟ ಕಾರಿಗೆ ತುಕ್ಕು ಹಿಡಿಯದೆ ಇರಬಹುದು. ಅದನ್ನು ನಡೆಸುವ ಕೈ ಮಾತ್ರ ಅಲ್ಲಿ ತಯಾರಾಗುವುದಿಲ್ಲ.

ಆ ಕ್ಲಬ್ಬುಗಳ ತಿಳಿದ ಹಿರಿಯರು ಇದನ್ನು ಬಲ್ಲರು. ಗಾದಿ ಸವೆದೀತು, ಬಣ್ಣಕ್ಕೆ ಗೀರು ಬಿದ್ದೀತು ಎಂಬ ಅಳುಕನ್ನು ನುಂಗಿಕೊಂಡು, ಸಂಚಾರವಿಲ್ಲದ ಬಯಲೊಂದರಲ್ಲಿ ಹದಿಹರೆಯದ ಹುಡುಗ ಹುಡುಗಿಯರನ್ನು ಸ್ಟಿಯರಿಂಗಿನ ಮುಂದೆ ಕೂರಿಸುತ್ತಾರೆ. ಯಾವ ಪೆಡಲು ಯಾವುದಕ್ಕೆಂಬ ಗಡಿಬಿಡಿಯಲ್ಲಿ ಕಾರು ಎರಡು ಬಾರಿ ಕುಪ್ಪಳಿಸಿ ನಿಂತುಬಿಡುತ್ತದೆ. ಹಿರಿಯರು ಇಳಿದು ಮುಂದೆ ಹೋಗಿ ಮತ್ತೆ ಹಿಡಿಕೆ ತಿರುಗಿಸುತ್ತಾರೆ.