ನಳಿಗೆ ಹೊಸತು, ಹೊಣೆ ಹಳೆಯದು

ಗುಂಡು ಹಾರಿಸಿದಷ್ಟೂ ಬಂದೂಕಿನ ನಳಿಗೆ ಸವೆಯುತ್ತದೆ. ಮದ್ದಿನ ಬಿಸಿಗೆ ಒಳಗಿನ ಸುರುಳಿಗೆರೆಗಳು ಮಾಸಿ ಗುರಿ ತಪ್ಪತೊಡಗುತ್ತದೆ. ಆಗ ಶಸ್ತ್ರಾಗಾರದ ಆರ್ಮರರ್ ಹಳೆಯ ನಳಿಗೆಯನ್ನು ಕಳಚಿ ಹೊಸದನ್ನು ಬಿಗಿಯುತ್ತಾನೆ, ಕಾಡತೂಸು ಕೂರುವ ಜಾಗದ ಅಂತರವನ್ನು ಅಳೆದು ನೋಡುತ್ತಾನೆ. ಕಾದ ನಳಿಗೆಯಿಂದ ಕೈ ಕಾಯುವ ಹ್ಯಾಂಡ್‌ಗಾರ್ಡ್ ಸೀಳಿದ್ದರೆ ಅದನ್ನೂ ಬದಲಿಸುತ್ತಾನೆ. ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗಿ ದಶಕಗಳ ಕಾಲ ನಮ್ಮ ಸೈನಿಕರ, ಪೊಲೀಸರ ಹೆಗಲೇರಿದ್ದ 7.62 ಮಿ.ಮೀ. ಎಸ್‌ಎಲ್‌ಆರ್ ರೈಫಲ್ ಇಂಥದ್ದು. ಕುದುರೆ ಎಳೆದರೆ ಒಂದು ಗುಂಡು ಹಾರುತ್ತದೆ, ಮುಂದಿನದು ತಾನೇ ಬಂದು ಕೂರುತ್ತದೆ. ನಳಿಗೆಯೂ ಹ್ಯಾಂಡ್‌ಗಾರ್ಡೂ ಹೋಗಿ ಹೊಸವು ಬಂದ ಮೇಲೆ ಅದು ಅದೇ ರೈಫಲ್ಲೇ? ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಇದು ಬರೀ ತರ್ಕದ ಆಟವಲ್ಲ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಬಂದೂಕು, ಮದ್ದುಗುಂಡುಗಳನ್ನು ಹೊತ್ತೊಯ್ದಿತು. (ಆಗ ರಾಮಾಪುರ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಊರು ಮಾತ್ರ ಅದೇ.) ಹೀಗೆ ಠಾಣೆಯಿಂದ ಹೋದ ರೈಫಲ್ಲೊಂದಕ್ಕೆ ಕಾಡಿನೊಳಗೆ ಬೇರೆ ನಳಿಗೆ ಸೇರಿತೆಂದು ಇಟ್ಟುಕೊಳ್ಳೋಣ. ಮುಂದೆಂದೋ ಸಿಕ್ಕಾಗ ಅದನ್ನು ಠಾಣೆಯದೆನ್ನಬೇಕೋ ಬೇಡವೋ?

ಕಾನೂನುಗಳನ್ನು ಕೇಳಿದರೆ ಒಂದೊಂದೂ ಒಂದೊಂದು ದರ್ಶನದಂತೆ ಉತ್ತರಿಸುತ್ತದೆ. ಅಮೆರಿಕದ 1968ರ ಕಾಯಿದೆಗೆ ಸಂಖ್ಯೆ ಕೆತ್ತಿದ ಒಡಲು, ಅಂದರೆ ರಿಸೀವರ್, ಅದೊಂದೇ ಇದ್ದರೂ ಬಂದೂಕು. ನಳಿಗೆ ಬಿಡಿಭಾಗ ಮಾತ್ರ. ಯುರೋಪಿಯನ್ ಒಕ್ಕೂಟದ ನಿಯಮ ನಳಿಗೆಯನ್ನೂ ಅತ್ಯಗತ್ಯ ಅಂಗಗಳ ಸಾಲಿಗೆ ಸೇರಿಸುತ್ತದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆ ಆಯುಧದ ಭಾಗಗಳನ್ನೂ ಆಯುಧವೆಂದೇ ಕರೆಯುತ್ತದೆ, ರಿಪೇರಿಯ ಕಸುಬಿಗೂ ಲೈಸೆನ್ಸ್ ಕೇಳುತ್ತದೆ, ಕೆತ್ತಿದ ಸಂಖ್ಯೆಯನ್ನು ಅಳಿಸುವುದನ್ನು ಅಪರಾಧವೆನ್ನುತ್ತದೆ. ವಿಧಿವಿಜ್ಞಾನದ ಪ್ರಯೋಗಾಲಯಕ್ಕೆ ಈ ಸಂಖ್ಯೆಯೂ ಸಾಲದು. ಗುಂಡಿನ ಮೈಮೇಲೆ ಬೀಳುವ ಗೀರು ನಳಿಗೆಯದು, ಹಿಂದೆ ಉಳಿಯುವ ಖಾಲಿ ತೋಟೆಯ ಬುಡದಲ್ಲಿರುವ ಗುರುತು ಫೈರಿಂಗ್ ಪಿನ್ನಿನದು. ನಳಿಗೆ ಬದಲಿಸಿದವನು ಒಬ್ಬ ಸಾಕ್ಷಿಯನ್ನು ಮೂಕನನ್ನಾಗಿಸಬಹುದು, ಇನ್ನೊಬ್ಬ ಮಾತಾಡುತ್ತಲೇ ಇರುತ್ತಾನೆ. ಇಷ್ಟೆಲ್ಲ ನೋಡಿದ ಮೇಲೆ ‘ಇದೇ ಬಂದೂಕಿನ ಆತ್ಮ’ ಎಂದು ಬೆರಳಿಟ್ಟು ತೋರಿಸಬಹುದಾದ ಭಾಗ ಯಾವುದೂ ಉಳಿಯುವುದಿಲ್ಲ. ವಸ್ತುವಿನ ಗುರುತು ಇರುವುದು ಅದರ ಯಾವ ಭಾಗದಲ್ಲೂ ಅಲ್ಲ, ಅದಕ್ಕೆ ಯಾರು ಉತ್ತರ ಹೇಳಬೇಕು ಎಂಬ ಸಂಬಂಧದಲ್ಲಿ ಎಂಬುದು ನನ್ನ ವಾದ.

ಇದಕ್ಕೆ ಬಲವಾದ ಆಕ್ಷೇಪ ಬೌದ್ಧರ ಕಡೆಯಿಂದ ಬರುತ್ತದೆ. ‘ಮಿಲಿಂದಪಞ್ಹ’ದಲ್ಲಿ ನಾಗಸೇನ ಭಿಕ್ಷು ಯವನ ದೊರೆಯ ರಥವನ್ನು ಬಿಡಿಸಿ ತೋರಿಸುತ್ತಾನೆ: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗವೂ ಅಲ್ಲ, ರಥವೆಂಬುದು ಇವುಗಳ ಕೂಟಕ್ಕಿಟ್ಟ ಹೆಸರು. ವೈಶೇಷಿಕರು ಅವಯವಿಯನ್ನು, ಅಂದರೆ ಭಾಗಗಳಿಂದಾದ ಇಡೀ ವಸ್ತುವನ್ನು, ನಿಜವೆಂದು ಒಪ್ಪುವವರಾದರೂ, ಅವಯವವೊಂದು ಕಳಚಿದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ ಎನ್ನುತ್ತಾರೆ. ಇವರಲ್ಲಿ ಯಾರನ್ನು ಒಪ್ಪಿದರೂ ಠಾಣೆಯಿಂದ ಹೋದ ರೈಫಲ್ ಈಗ ಇಲ್ಲ; ಇಲ್ಲದ ವಸ್ತುವಿಗೆ ಎಲ್ಲಿಯ ಹೊಣೆ ಎಂದು ಕೇಳಬಹುದು. ಉತ್ತರ ನಾಗಸೇನನಲ್ಲೇ ಇದೆ. ಮಾವು ಕದ್ದವನೊಬ್ಬ, ‘ಇವನು ನೆಟ್ಟದ್ದು ಬೇರೆ ಹಣ್ಣು, ನಾನು ಕಿತ್ತದ್ದು ಬೇರೆ ಹಣ್ಣು’ ಎಂದು ವಾದಿಸಿದರೆ ಬಿಡುತ್ತೀಯಾ ಎಂದು ಅವನು ದೊರೆಯನ್ನೇ ಕೇಳುತ್ತಾನೆ. ಬಿಡುವುದಿಲ್ಲ, ನೆಟ್ಟದ್ದರಿಂದಲೇ ಇದು ಬಂದದ್ದು ಎನ್ನುತ್ತಾನೆ ದೊರೆ. ಆತ್ಮವನ್ನೇ ಒಪ್ಪದ ಭಿಕ್ಷುವೂ ಹೊಣೆಯನ್ನು ಕೈಬಿಡಲಿಲ್ಲ. ವಸ್ತು ಅದೇ ಆಗಿರಬೇಕಿಲ್ಲ. ಒಂದರಿಂದ ಇನ್ನೊಂದು ಬಂದ ಸರಪಳಿ ಕಡಿಯದಿದ್ದರೆ ಸಾಕು.

ಸಂಬಂಧವೇ ಗುರುತು ಎಂಬುದಕ್ಕೆ ಯಳಂದೂರಿನ ನೆತ್ತಿಯ ಮೇಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೂ ಒಳ್ಳೆಯ ಸಾಕ್ಷಿಯಿದೆ. ಬೂದಿತಿಟ್ಟು ಗ್ರಾಮದ ಚರ್ಮಕಾರರು ಎರಡು ವರ್ಷಕ್ಕೊಮ್ಮೆ ರಂಗನಾಥನಿಗೆ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುತ್ತಾರೆ. ದೇವರು ಅವನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಅವು ಸವೆಯುತ್ತವೆ ಎಂಬುದು ನಂಬಿಕೆ. ಇಲ್ಲಿ ಒಂದು ಭಾಗವಲ್ಲ, ಜೋಡಿಗೆ ಜೋಡಿಯೇ ಹೊಸದು. ಆದರೂ ‘ಇದು ರಂಗಪ್ಪನ ಮೆಟ್ಟು ಹೌದೋ ಅಲ್ಲವೋ’ ಎಂದು ಭಕ್ತರು ತಲೆ ಕೆಡಿಸಿಕೊಳ್ಳುವುದಿಲ್ಲ. ಸವೆದು ಹೊಸದಾಗುವುದೇ ಅದರ ಧರ್ಮ. ಮಾಡುವವರ ಕುಲವೂ ಮೆಟ್ಟುವವನ ಪಾದವೂ ಅದನ್ನು ಹಿಡಿದಿಟ್ಟಿವೆ. ಹಾಗಾದರೆ ಬಂದೂಕು ಯಾರ ಕೈಸೇರಿತೋ ಅವರದೇ ಆಗಲಿಲ್ಲವೇ, ಕಳ್ಳನೊಡನೆಯೂ ಅದಕ್ಕೆ ಸಂಬಂಧ ಹುಟ್ಟಿತಲ್ಲ ಎಂದು ಯಾರಾದರೂ ಕೇಳಿಯಾರು. ಹುಟ್ಟಿತು, ನಿಜ. ಆದರೆ ಅದು ಹೊಸ ಹೊಣೆಯಾಗಿ ಹಳೆಯದರ ಮೇಲೆ ಕೂರುತ್ತದೆಯೇ ಹೊರತು ಹಳೆಯದನ್ನು ಅಳಿಸುವುದಿಲ್ಲ. ಒಪ್ಪಿಸಿದ್ದಕ್ಕೂ ಕಿತ್ತುಕೊಂಡದ್ದಕ್ಕೂ ಇರುವ ಅಂತರ ಬೂದಿತಿಟ್ಟಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

‘ಕೊಲ್ಲುವವನು ಮನುಷ್ಯ, ಕಬ್ಬಿಣಕ್ಕೇನು ಪಾಪ?’ ಎಂಬುದು ಕೊನೆಯ ಆಕ್ಷೇಪ. ಮಾತು ಅರ್ಧ ಸರಿ. ಉಳಿದರ್ಧಕ್ಕೆ ಜೈನರ ‘ತತ್ತ್ವಾರ್ಥಸೂತ್ರ’ ನೋಡಬೇಕು. ಕರ್ಮ ಒಳಹರಿಯಲು ಆಸರೆಯಾಗುವ ನಿರ್ಜೀವ ಅಧಿಕರಣಗಳಲ್ಲಿ ಉಮಾಸ್ವಾತಿ ‘ಸಂಯೋಗ’ವನ್ನು, ಅಂದರೆ ಜೋಡಿಸುವ ಕ್ರಿಯೆಯನ್ನು, ಬೇರೆಯಾಗಿಯೇ ಹೆಸರಿಸುತ್ತಾನೆ. ಕಬ್ಬಿಣ ನಿರ್ದೋಷಿ ಇರಬಹುದು. ಜೋಡಿಸಿದ ಕೈಗೆ ಆ ರಿಯಾಯಿತಿ ಇಲ್ಲ. ನಳಿಗೆ ಕೂರಿಸುವ ಆರ್ಮರರನೂ, ಕಾಡಂಚಿನ ರೈತನ ಬೆಳೆ ಕಾಯುವ ಕೋವಿ ರಿಪೇರಿ ಮಾಡುವವನೂ ಈ ಲೆಕ್ಕದಿಂದ ಹೊರಗಲ್ಲ. ಇವರೆಲ್ಲ ಪಾಪಿಗಳೆಂದು ನಾನು ಹೇಳುತ್ತಿಲ್ಲ. ಉತ್ತರ ಹೇಳಬೇಕಾದವರ ಸಾಲಿನಲ್ಲಿ ಇವರೂ ಇದ್ದಾರೆ ಎನ್ನುತ್ತಿದ್ದೇನೆ. ಆಯುಧಪೂಜೆಯ ದಿನ ಠಾಣೆಗಳಲ್ಲಿ ರೈಫಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಡುತ್ತಾರೆ. ರಾಮಾಪುರ, ಹನೂರು, ಕೊಳ್ಳೇಗಾಲ, ಯಳಂದೂರು ಠಾಣೆಗಳಲ್ಲಿ ಮುಂದಿನ ನವರಾತ್ರಿಯಲ್ಲಿ, ಯಾವ ಸಂಖ್ಯೆಯ ಆಯುಧ ಯಾರ ಕೈಗೆ ಹೋಯಿತು, ಯಾರಿಂದ ರಿಪೇರಿಯಾಯಿತು ಎಂದು ಬರೆದಿಡುವ ರಿಜಿಸ್ಟರನ್ನೂ ಅವುಗಳ ಪಕ್ಕದಲ್ಲಿಟ್ಟು ಪೂಜಿಸಲಿ.